ಹೆಸರು ಏಳು, ಒಳಗೆಲ್ಲಾ ಅನ್ನ

ಕಳೆದ ವರ್ಷ ಮಗಳಿಗೆ ಹದಿನಾಲ್ಕು ತುಂಬಿತು. ಮಹಡಿ ಹತ್ತಿದರೆ ಏದುಸಿರು. ಸ್ಕೂಲಿಂದ ಬಂದವಳು ಯೂನಿಫಾರ್ಮ್‌ನಲ್ಲೇ ಮಲಗಿಬಿಡುತ್ತಿದ್ದಳು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 10.2. ಈ ವಯಸ್ಸಿನ ಹುಡುಗಿಯರಿಗೆ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ನನಗೆ ನಂಬಲಿಕ್ಕೇ ಆಗಲಿಲ್ಲ. ಹೊಟ್ಟೆ ತುಂಬ ತಿನ್ನುವ ಹುಡುಗಿ, ಅಲ್ವಾ?

ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟು, "ಒಂದು ವಾರ ಏನೇನು ತಿಂತಾಳೆ ಬರೆದಿಡಿ" ಅಂದರು. ಕ್ಯಾಲೆಂಡರ್ ಹಿಂದೆ ಬರೆದೆ. ಚಿತ್ರಾನ್ನ, ಪುಳಿಯೋಗರೆ, ಟೊಮೆಟೊ ಬಾತ್, ಮೊಸರನ್ನ. ಹೆಸರು ಬೇರೆ ಬೇರೆ, ಡಬ್ಬಿಯಲ್ಲಿ ಇರೋದು ಅನ್ನವೇ. ಬೆಳಿಗ್ಗೆ ಇಡ್ಲಿ ಜೊತೆ ಅರ್ಧ ಲೋಟ ಕಾಫಿ. ರಾತ್ರಿ ಸಾರಿನಲ್ಲಿ ತೇಲುವ ನಾಲ್ಕು ಕಾಳನ್ನೂ ತಟ್ಟೆಯಂಚಿಗೆ ತಳ್ಳುತ್ತಿದ್ದಳು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣ ಬೇಕು. ಅದೇ ವಯಸ್ಸಿನ ಹುಡುಗನಿಗೆ 22. ಬೆಳೆಯುವ ಮೈ, ಜೊತೆಗೆ ತಿಂಗಳ ಮುಟ್ಟು. ಚಿತ್ರಾನ್ನದಲ್ಲಿ ಅಷ್ಟೆಲ್ಲಾ ಎಲ್ಲಿಂದ ಬರಬೇಕು!

ಮೊದಲ ವಾರ ಹುರುಪಿನಲ್ಲಿ ದಂಟಿನ ಸೊಪ್ಪಿನ ಪಲ್ಯ, ಚಪಾತಿ ಕಳಿಸಿದೆ. ಪಲ್ಯ ಹಾಗೇ ವಾಪಸ್ ಬಂತು. ನೀರು ಬಿಟ್ಟು ಚಪಾತಿಯೆಲ್ಲಾ ಒದ್ದೆ. "ಅಮ್ಮಾ, ಡಬ್ಬಿ ತೆಗೆದ್ರೆ ಎಲ್ಲರೂ ಮೂಗು ಮುಚ್ಕೊಂಡ್ರು" ಅಂತ ಅತ್ತೇಬಿಟ್ಟಳು. ತಪ್ಪು ನನ್ನದೇ.

ಆಮೇಲೆ ದಾರಿ ತೋರಿಸಿದ್ದು ಹೆಸರುಕಾಳು ದೋಸೆ. ಒಂದು ಲೋಟ ಕಾಳು, ಒಂದು ಹಿಡಿ ಅಕ್ಕಿ ರಾತ್ರಿ ನೆನೆಸುತ್ತೇನೆ. ಬೆಳಿಗ್ಗೆ ಶುಂಠಿ, ಹಸಿಮೆಣಸಿನಕಾಯಿ, ಒಂದು ಹಿಡಿ ನುಗ್ಗೆಸೊಪ್ಪು ಹಾಕಿ ರುಬ್ಬುವುದು. ಹುಳಿ ಬರಿಸುವ ಗೋಜಿಲ್ಲ. ಹಿಟ್ಟೇ ಹಸಿರಾಗಿರುವುದರಿಂದ ಸೊಪ್ಪಿನ ಸುಳಿವು ಸಿಗುವುದಿಲ್ಲ. ಸೊಪ್ಪು ಜಾಸ್ತಿಯಾದರೆ ಕಹಿ, ಅದೊಂದು ನೋಡಿಕೊಳ್ಳಬೇಕು. ಗಾಂಧಿ ಬಜಾರಿಗೂ ಹೋಗಬೇಕಿಲ್ಲ, ನಮ್ಮ ಪಕ್ಕದ ಖಾಲಿ ಸೈಟಿನಲ್ಲೇ ಮರ ಇದೆ. ಮೂರನೇ ವಾರ ಅವಳಿಗೆ ಗುಟ್ಟು ಗೊತ್ತಾಯಿತು. ಅಷ್ಟರಲ್ಲಿ ಗೆಳತಿಯರೂ ಕಿತ್ತುಕೊಂಡು ತಿನ್ನುತ್ತಿದ್ದರು.

ಇನ್ನೊಂದು ಬದಲಾವಣೆ ಕಾಫಿಯದು. ಕಾಫಿ, ಟೀ ಊಟತಿಂಡಿ ಜೊತೆ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆರಸ ಅದಕ್ಕೆ ಉಲ್ಟಾ, ಹತ್ತಿಸುತ್ತದೆ. ಹಾಗಾಗಿ ಕಾಫಿ ಸಂಜೆಗೆ ಹೋಯಿತು, ಉಸ್ಲಿ ಮೇಲೆ ನಿಂಬೆಹಣ್ಣು ಬಂತು. "ಅರ್ಧ ಲೋಟ ಕಾಫಿಗೆ ಏನಾಗತ್ತಮ್ಮಾ" ಅಂತ ಅತ್ತೆ ಎರಡು ದಿನ ಮುನಿಸಿಕೊಂಡರು.

ರಾಗಿ ಬಗ್ಗೆ ಒಂದು ಮಾತು. ರಕ್ತ ಕಡಿಮೆ ಅಂದರೆ ಎಲ್ಲರೂ ರಾಗಿ ಕೊಡಿ ಅಂತಾರೆ. ಕೊಡಿ, ಆದರೆ ಅದರ ದೊಡ್ಡಸ್ತಿಕೆ ಇರೋದು ಕ್ಯಾಲ್ಸಿಯಂನಲ್ಲಿ. ನೂರು ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು.

ಮೂರು ತಿಂಗಳಿಗೆ 12.1 ಬಂತು. ನಾನು ಬೀಗುತ್ತಿದ್ದೆ. "ಇದು ಮಾತ್ರೆ ಕೆಲಸ. ಇಳಿಯದ ಹಾಗೆ ನೋಡ್ಕೊಳ್ಳೋದು ನಿಮ್ಮ ದೋಸೆ ಕೆಲಸ" ಅಂದರು ಡಾಕ್ಟರು. ಮಾತ್ರೆ ಇನ್ನೂ ಕೆಲವು ತಿಂಗಳು ಮುಂದುವರಿಸಲು ಹೇಳಿದರು.

ಶುಕ್ರವಾರದ ಪುಳಿಯೋಗರೆ ಮಾತ್ರ ಅವಳು ಬಿಟ್ಟುಕೊಟ್ಟಿಲ್ಲ. ನಾನೂ ಸುಮ್ನೆ ಅದಕ್ಕೆ ಇನ್ನೊಂದು ಹಿಡಿ ಕಡಲೇಕಾಯಿ ಬೀಜ ಸುರಿಯುತ್ತೇನೆ.