ಜಲಾನಯನದ ಗಡಿಯನ್ನು ನಕ್ಷೆಯಲ್ಲಿ ಗುರುತಿಸುವುದು ಹೇಗೆ?

ಎಲ್ಲೆಲ್ಲಿ ಬಿದ್ದ ಮಳೆನೀರು ಹರಿದು ಬಂದು ಒಂದು ಹಳ್ಳವನ್ನೋ ನದಿಯನ್ನೋ ಸೇರುತ್ತದೆಯೋ ಆ ನೆಲವಷ್ಟೂ ಅದರ ಜಲಾನಯನ ಪ್ರದೇಶ. ಸಂಸ್ಕೃತದಲ್ಲಿ ‘ಆನಯನ’ ಎಂದರೆ ತರುವುದು. ಹಾಗಾಗಿ ಕನ್ನಡದ ಬಳಕೆ ನೇರವಾಗಿ ನೀರು ತರುವ ನೆಲವನ್ನೇ ಸೂಚಿಸುತ್ತದೆ. ಇಂಗ್ಲಿಷಿನ ‘ವಾಟರ್‌ಶೆಡ್’ ಹಾಗಲ್ಲ. ಜರ್ಮನ್ನಿನ ‘ವಾಸರ್‌ಶೈಡೆ’ಯ ಮಾದರಿಯಲ್ಲಿ ರೂಪುಗೊಂಡ ಆ ಪದದ ‘ಶೆಡ್’ಗೂ ಸೂರಿಗೂ ಸಂಬಂಧವಿಲ್ಲ, ಅದು ಬೇರ್ಪಡಿಸುವುದು ಎಂಬ ಹಳೆಯ ಅರ್ಥದ್ದು. ಮಳೆನೀರು ಎರಡು ದಿಕ್ಕಿಗೆ ಒಡೆದು ಹರಿಯುವ ಎತ್ತರದ ಗೆರೆ, ಅಂದರೆ ಜಲವಿಭಾಜಕ, ಅದರ ಮೂಲಾರ್ಥ. ಬ್ರಿಟಿಷ್ ಬಳಕೆಯಲ್ಲಿ ಈ ಅರ್ಥ ಉಳಿದಿದ್ದರೆ, ಅಮೆರಿಕದಲ್ಲಿ ಗೆರೆಯ ಹೆಸರು ಗೆರೆಯೊಳಗಿನ ಪ್ರದೇಶಕ್ಕೆ ಸಂದಿತು. ಗೆರೆ ಎಳೆಯದೆ ಪ್ರದೇಶ ಸಿಗದಾದ್ದರಿಂದ ಇದೇನೂ ಅಸಹಜವಲ್ಲ.

ಗೆರೆ ಎಳೆಯಲು ಸಮೋನ್ನತ ರೇಖೆಗಳಿರುವ (ಕಾಂಟೂರ್, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ನಕ್ಷೆ ಬೇಕು. 1:50,000 ಪ್ರಮಾಣದ್ದು ಸಾಕು. ಮೊದಲು ಹಳ್ಳದ ಮೇಲೆ ಹೊರಹರಿವಿನ ಬಿಂದುವೊಂದನ್ನು, ಅಂದರೆ ಪ್ರದೇಶದ ನೀರೆಲ್ಲ ಹೊರಬೀಳುವ ಜಾಗವನ್ನು, ಗುರುತಿಸಿಕೊಳ್ಳಬೇಕು. ಈ ಹಂತವನ್ನು ಹಲವರು ಲಘುವಾಗಿ ಕಾಣುತ್ತಾರೆ, ಆದರೆ ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆಯೇ: ಬಿಂದುವನ್ನು ಕೆಳಕ್ಕೆ ಸರಿಸಿದಷ್ಟೂ ಹೊಸ ತೊರೆಗಳು ಒಳಗೆ ಸೇರಿ ಪ್ರದೇಶ ಹಿಗ್ಗುತ್ತದೆ. ಆಮೇಲೆ ಆ ಬಿಂದುವಿನ ಮೇಲ್ಭಾಗದಲ್ಲಿ ಹಳ್ಳವನ್ನು ಸೇರುವ ಎಲ್ಲ ತೊರೆಗಳನ್ನೂ ನೀಲಿಯಲ್ಲಿ ತಿದ್ದಿ, ಸುತ್ತಲಿನ ಶಿಖರಗಳಿಗೆ ಗುರುತು ಹಾಕಬೇಕು.

ಇನ್ನು ರೇಖೆಗಳ ಬಾಗನ್ನು ಓದಬೇಕು. ಕಣಿವೆಯಲ್ಲಿ ಸಮೋನ್ನತ ರೇಖೆಯ ಮೊನೆ ಏರಿನ ಕಡೆಗೂ, ಬೆಟ್ಟದ ಏಣಿನಲ್ಲಿ (ಉದ್ದಕ್ಕೆ ಚಾಚಿದ ಎತ್ತರದ ಸಾಲಿನಲ್ಲಿ) ಇಳಿಜಾರಿನ ಕಡೆಗೂ ಚಾಚಿರುತ್ತದೆ. ಹೊರಹರಿವಿನ ಬಿಂದುವಿನಿಂದ ಹೊರಟು, ಸಮೋನ್ನತ ರೇಖೆಗಳನ್ನು ಲಂಬವಾಗಿ ದಾಟುತ್ತ, ಏಣಿನ ನೆತ್ತಿಯ ಮೇಲೇ ಶಿಖರದಿಂದ ಶಿಖರಕ್ಕೆ ಸಾಗಿ, ಹಳ್ಳದ ಮತ್ತೊಂದು ದಂಡೆಯ ಕಡೆಯಿಂದ ಅದೇ ಬಿಂದುವಿಗೆ ಇಳಿದು ಬರುವಂತೆ ಗೆರೆ ಎಳೆಯಬೇಕು. ಹೊರಹರಿವಿನ ಬಿಂದುವನ್ನು ಬಿಟ್ಟು ಬೇರೆಲ್ಲಾದರೂ ಗೆರೆ ತೊರೆಯನ್ನು ಕತ್ತರಿಸಿದ್ದರೆ ಅದು ತಪ್ಪು. ಅನುಮಾನ ಬಂದ ಕಡೆ, ಅಲ್ಲಿ ಬಿದ್ದ ಹನಿ ಯಾವ ಕಡೆಗೆ ಇಳಿದೀತೆಂದು ನೋಡಿದರೆ ಉತ್ತರ ಸಿಗುತ್ತದೆ. ಶಿಖರಗಳ ನಡುವಿನ ತಗ್ಗಿನಲ್ಲಿಯೂ ಸಮತಟ್ಟು ನೆಲದಲ್ಲಿಯೂ ಈ ಪರೀಕ್ಷೆ ಹೆಚ್ಚು ಬೇಕಾಗುತ್ತದೆ.

ವಿಸ್ತೀರ್ಣ ತಿಳಿಯಲು ಗ್ರಾಫ್ ಹಾಳೆಯ ಚೌಕಗಳನ್ನು ಎಣಿಸಿದರಾಯಿತು. ಮೇಲಿನ ಪ್ರಮಾಣದಲ್ಲಿ 1 ಚದರ ಸೆಂಟಿಮೀಟರ್ ಎಂದರೆ 0.25 ಚದರ ಕಿಲೋಮೀಟರ್. ಒಂದು ಚದರ ಕಿಲೋಮೀಟರಿನ ಮೇಲೆ 1 ಮಿಲಿಮೀಟರ್ ಮಳೆಯಾದರೆ ಬೀಳುವ ನೀರು 10 ಲಕ್ಷ ಲೀಟರ್. ಇಂಗಿ, ಆವಿಯಾಗಿ ಉಳಿದದ್ದಷ್ಟೇ ಹಳ್ಳಕ್ಕೆ ಬರುತ್ತದೆ.

ಹೀಗೆ ಎಳೆದದ್ದು ನೆಲದ ಮೇಲಿನ ಹರಿವಿನ ಗಡಿ ಮಾತ್ರ. ಸುಣ್ಣಕಲ್ಲಿನ ನೆಲದಲ್ಲಿ ಅಂತರ್ಜಲ ಈ ಗಡಿಯನ್ನು ಲೆಕ್ಕಿಸುವುದಿಲ್ಲ: ಜರ್ಮನಿಯ ಇಮ್ಮೆಂಡಿಂಗನ್ ಬಳಿ ಡ್ಯಾನ್ಯೂಬ್ ನದಿಯ ನೀರು ನೆಲದೊಳಕ್ಕೆ ಇಂಗಿ, ಆಖ್ ಎಂಬ ಬುಗ್ಗೆಯಲ್ಲಿ ಮೇಲೆದ್ದು ರೈನ್ ನದಿಯ ಪಾಲಾಗುತ್ತದೆ, ಕಪ್ಪು ಸಮುದ್ರಕ್ಕೆ ಹೋಗಬೇಕಾದ ನೀರು ಉತ್ತರ ಸಮುದ್ರವನ್ನು ಸೇರುತ್ತದೆ. ದಕ್ಷಿಣ ಅಮೆರಿಕದಲ್ಲಂತೂ ನೆಲದ ಮೇಲೆಯೇ ಈ ನಿಯಮ ಮುರಿದಿದೆ. ಅಲ್ಲಿ ಒರಿನೋಕೊದಿಂದ ಕವಲೊಡೆದ ಕಸಿಕ್ಯಾರೆ ನದಿಯು ಅಮೆಜಾನಿನ ಉಪನದಿಯಾದ ರಿಯೊ ನೀಗ್ರೊವನ್ನು ಕೂಡಿಕೊಳ್ಳುವುದರಿಂದ, ಆ ಎರಡು ಜಲಾನಯನಗಳ ನಡುವೆ ಯಾವ ನದಿಯನ್ನೂ ದಾಟದ ಗೆರೆಯನ್ನು ಎಳೆಯಲು ಬರುವುದಿಲ್ಲ.