6002 ಅಂಕಿಯ ಪ್ರೈಮ್ ನಂಬರ್ ನಾನ ಚೆಕ್ ಮಾಡಿದ್ದು, ನನ್ನ ಅನುಭವ

ನಾ ಬಾಗಲಕೋಟಿ ನವನಗರದಾಗ ಪಿಯುಸಿ ಹುಡುಗರಿಗೆ ಗಣಿತ ಟ್ಯೂಷನ್ ಹೇಳ್ತೀನ್ರಿ. 2024ರ ಅಕ್ಟೋಬರ್‌ದಾಗ 4 ಕೋಟಿ 10 ಲಕ್ಷಕ್ಕಿಂತ ಜಾಸ್ತಿ ಅಂಕಿ ಇರೋ ಪ್ರೈಮ್ ನಂಬರ್ ಸಿಕ್ತು ಅಂತ ಸುದ್ದಿ ಬಂದಾಗ ಒಬ್ಬ ಹುಡುಗ, "ಸರ್, ಅದನ್ನ ಎಲ್ಲಾದರಿಂದ ಭಾಗಿಸಿ ನೋಡ್ಯಾರೇನ್ರಿ?" ಅಂತ ಕೇಳಿದ. ಭಾಗಿಸೂದು ಬೇಕಾಗಿಲ್ಲ ಅಂತ ಬಾಯಿಲೆ ಹೇಳೂಕಿಂತ ಮಾಡೇ ತೋರಸೂಣು ಅನಿಸ್ತು.

ನಾ ಆರಿಸ್ಕೊಂಡಿದ್ದು 2ರ ಘಾತ 19937, ಅದರಾಗ 1 ಕಳದ್ರ ಬರೋ ಸಂಖ್ಯೆ. ಇದು ಪ್ರೈಮ್ ಅಂತ 1971ರಾಗ ಬ್ರಯಂಟ್ ಟಕರ್‌ಮನ್ ಕಂಡುಹಿಡಿದ್ರು, ಇವತ್ತಿಗೂ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ರ‍್ಯಾಂಡಮ್ ನಂಬರ್ ಕೊಡೂದು ಇದರ ಮ್ಯಾಲೆ ನಿಂತ ಮರ್ಸೆನ್ ಟ್ವಿಸ್ಟರ್ ಪದ್ಧತಿಲೆ.

ಟೆಸ್ಟ್ ಹೆಸರು ಲೂಕಾಸ್-ಲೆಹ್ಮರ್. 4ರಿಂದ ಶುರು ಮಾಡ್ರಿ, ವರ್ಗ ಮಾಡಿ 2 ಕಳೀರಿ, ನಮ್ಮ ಸಂಖ್ಯೆಯಿಂದ ಭಾಗಿಸಿದ್ರ ಉಳಿಯೋ ಶೇಷ ಅಷ್ಟ ಇಟ್ಕೋರಿ, ಹಿಂಗ ಘಾತಕ್ಕಿಂತ ಎರಡು ಕಮ್ಮಿ ಸಲ ಮಾಡಿದಾಗ ಸೊನ್ನಿ ಬಂದ್ರ ಪ್ರೈಮ್, ಬರಲಿಲ್ಲಂದ್ರ ಅಲ್ಲ.

ಮೊದಲ ಬೋರ್ಡ್ ಮ್ಯಾಲೆ 127 ತಗೊಂಡೆ, ಘಾತ 7, ಅಂದ್ರ ಐದು ಸಲ. 4ರಿಂದ 14 ಬಂತು. 14ರ ವರ್ಗದಾಗ 2 ಕಳದ್ರ 194, ಇಲ್ಲಿ 127ರಿಂದ ಭಾಗಾಕಾರ ಹಾಕಬ್ಯಾಡ್ರಿ, ಅದಕ್ಕಿಂತ ಒಂದು ಜಾಸ್ತಿ ಇರೋ 128, ಅಂದ್ರ 2ರ ಘಾತ 7, ತಗೋರಿ, 194ರಾಗ 128 ಒಂದು ಸಲ, ಉಳದದ್ದು 66, ಎರಡೂ ಕೂಡಿಸ್ರಿ, 67. 67ರ ವರ್ಗದಾಗ 2 ಕಳದ್ರ 4487, ಅದರಾಗ 128 ಮೂವತ್ತೈದು ಸಲ, ಉಳದದ್ದು 7, ಕೂಡಿಸಿದ್ರ 42. ಆಮ್ಯಾಲೆ 111. ಕಡೀಕ 12319, ಅದರಾಗ 128 ತೊಂಬತ್ತಾರು ಸಲ, ಉಳದದ್ದು 31, ಕೂಡಿಸಿದ್ರ 127, ಅದನ್ನ 127ರಿಂದ ಭಾಗಿಸಿದ್ರ ಶೇಷ ಸೊನ್ನಿ! ನನಗ ಈ ಟೆಸ್ಟಿನಾಗ ಭಾಳ ಸೇರೂದು ಇದೇ ಜಾಗ ನೋಡ್ರಿ, ಕಂಪ್ಯೂಟರ್‌ಗೆ 2ರ ಘಾತದಿಂದ ಒಡಿಯೂದು ಅಂದ್ರ ಬಿಟ್ (ಸಂಖ್ಯೆ ಬರಿಯೋ 0, 1) ಸರಿಸೂದು ಅಷ್ಟ, ಹಿಂಗಾಗಿ ಸಾವಿರಾರು ಅಂಕಿಯ ಭಾಗಾಕಾರ ಪೂರಾ ತಪ್ಪತೈತಿ.

ಘಾತ ಪ್ರೈಮ್ ಇದ್ರ ಸಾಕಲ್ಲ ಅನ್ನೂದೂ ತೋರಿಸಿದೆ. 11 ಪ್ರೈಮ್, ಆದ್ರ 2ರ ಘಾತ 11ರಾಗ 1 ಕಳದ್ರ ಬರೋ 2047 ಅಂದ್ರ 23 ಗುಣಿಸು 89, ಟೆಸ್ಟ್ ಹಾಕಿದ್ರ ಕಡೀಕ 1736 ಉಳೀತೈತಿ. ಆದ್ರ ಅಪವರ್ತನ ಯಾವು ಅಂತ ಈ ಟೆಸ್ಟ್ ಹೇಳಂಗಿಲ್ಲ, ಪ್ರೈಮ್ ಅಲ್ಲ ಅಂತ ಅಷ್ಟ ಹೇಳತೈತಿ.

ಆಮ್ಯಾಲೆ ಲ್ಯಾಪ್‌ಟಾಪ್‌ದಾಗ ನಾ ಆರಿಸಿದ ಸಂಖ್ಯೆಗೆ ಅದೇ ಲೆಕ್ಕ 19935 ಸಲ ಓಡಿಸಿದೆ, ಕೋಡ್ ಹತ್ತು ಸಾಲೂ ಇಲ್ಲ, ಸ್ವಲ್ಪ ಹೊತ್ತಿನಾಗ ಸೊನ್ನಿ ಬಂತು. ಸಂಖ್ಯೆ ಪ್ರಿಂಟ್ ಮಾಡೋರಿದ್ರ ಒಂದು ಮಾತು, ಹೊಸ ಪೈಥಾನ್ 4300 ಅಂಕಿ ದಾಟಿದ್ರ ಎರರ್ ಕೊಡ್ತೈತಿ, ಆ ಮಿತಿ ಮೊದಲ ಏರಿಸ್ಕೋಬೇಕು. ಕೊನಿ ಅಂಕಿ 1 ಬರಬೇಕು, ಯಾಕಂದ್ರ 19937ನ್ನ 4ರಿಂದ ಭಾಗಿಸಿದ್ರ 1 ಉಳೀತೈತಿ, ಅಂದ್ರ 2ರ ಆ ಘಾತ 2ಕ್ಕ ಮುಗೀತೈತಿ.

ಇಂಥಾ ಪ್ರೈಮ್ ಕೊಡೋ ಮುಂದಿನ ಘಾತ 21701, ಆ ಪ್ರೈಮನ್ನ 1978ರಾಗ ಕಂಡುಹಿಡಿದವರು ಕ್ಯಾಲಿಫೋರ್ನಿಯಾದ ಲಾರಾ ನಿಕೆಲ್ ಮತ್ತ ಲ್ಯಾಂಡನ್ ಕರ್ಟ್ ನೋಲ್, ಇಬ್ಬರಿಗೂ ಆಗ 18 ವರ್ಷ. ಅಂದ್ರ ನಮ್ಮ ಹುಡುಗರ ವಯಸ್ಸೇ, ಹಿಂಗಾಗಿ ಅದನ್ನ ಚೆಕ್ ಮಾಡೂದು ಅವರಿಗೇ ಬಿಟ್ಟೀನಿ.