ಸ್ವೆಟರಿನ ಎದೆಗೆ ಗೋಪುರದ ಸಾಲು: ಎರಡು ಬಣ್ಣದ ಹೆಣಿಗೆ ಸುರುಟದಂತೆ ನೋಡಿಕೊಳ್ಳುವುದು ಹೇಗೆ?

ಕಳೆದ ಚಳಿಗಾಲದಲ್ಲಿ ನೆಂಟರ ಮನೆಯಲ್ಲಿ ನಾಲ್ಕು ವರ್ಷದ ಮಗುವಿನ ಸ್ವೆಟರೊಂದನ್ನು ಕೈಗೆ ತೆಗೆದುಕೊಂಡು ನೋಡಿದೆ. ಬಣ್ಣಗಳ ಆಯ್ಕೆ ಸೊಗಸಾಗಿತ್ತು, ಹೆಣಿಗೆಯೂ ಒಂದೇ ಹದದಲ್ಲಿತ್ತು. ಆದರೆ ಚಿತ್ತಾರದ ಪಟ್ಟಿ ಇರುವಲ್ಲಿ ಇಡೀ ಸ್ವೆಟರ್ ದಾರ ಬಿಗಿದು ಕಟ್ಟಿದ ಚೀಲದ ಬಾಯಿಯಂತೆ ಒಳಕ್ಕೆ ಸೆಳೆದುಕೊಂಡಿತ್ತು. ಒಳಮಗ್ಗುಲನ್ನು ತಿರುಗಿಸಿದಾಗ ಹಿಂಬದಿಯ ಎಳೆಗಳು ತಂಬೂರಿಯ ತಂತಿಗಳ ಹಾಗೆ ಬಿಗಿದುಕೊಂಡಿದ್ದವು. ಎರಡು ತಿಂಗಳ ಶ್ರಮ ಆ ಮಗುವಿನ ಎದೆಯಿಂದ ಕೆಳಗೆ ಇಳಿಯಲಿಲ್ಲ. ಇಂಥದ್ದನ್ನು ಹಲವು ಮನೆಗಳಲ್ಲಿ ಕಂಡಿರುವುದರಿಂದಲೇ ಈ ಲೇಖನದಲ್ಲಿ ಉಳಿದ ಹಂತಗಳನ್ನು ಚುಟುಕಾಗಿ ಮುಗಿಸಿ, ಚಿತ್ತಾರದ 15 ಸಾಲುಗಳಿಗೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ಚಿತ್ತಾರಕ್ಕೆ ಧಾರವಾಡದ ಕಸೂತಿಯ ಗೋಪುರವನ್ನು ಆರಿಸಿಕೊಳ್ಳೋಣ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಸೂಜಿ ಹಾಕುತ್ತಾರೆ; ಹೀಗಾಗಿ ಅದರ ವಿನ್ಯಾಸಗಳು ಹೆಣಿಗೆಯ ಲೆಕ್ಕಕ್ಕೆ ಸಲೀಸಾಗಿ ಒಗ್ಗುತ್ತವೆ. ಹೆಣೆಯುವ ಕ್ರಮ ಮಾತ್ರ ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಸಮೂಹದ ಫೇರ್ ಐಲ್‌ ಎಂಬ ಪುಟ್ಟ ದ್ವೀಪದ್ದು. ಒಂದು ಸಾಲಿನಲ್ಲಿ ಎರಡೇ ಬಣ್ಣ, ಕೆಲಸವಿಲ್ಲದ ಬಣ್ಣ ಬಟ್ಟೆಯ ಹಿಂದೆ ಹಾದುಹೋಗಬೇಕು ಎಂಬುದು ಅಲ್ಲಿನ ಪದ್ಧತಿ. ಮೂರನೆಯ ಬಣ್ಣ ಬೇಕೆನಿಸಿದರೆ ಅದನ್ನು ಬೇರೆ ಸಾಲಿನಲ್ಲಿ ತನ್ನಿ.

ನಾಲ್ಕು ವರ್ಷದ ಮಗುವಿಗೆ ಡಬಲ್ ನಿಟ್ಟಿಂಗ್ ಎಂಬ ಮಧ್ಯಮ ದಪ್ಪದ ಉಲ್ಲನ್ ಮೈಬಣ್ಣದ್ದು, ಅಂದರೆ ಸ್ವೆಟರಿನ ಮುಖ್ಯ ಬಣ್ಣದ್ದು, ಸುಮಾರು 250 ಗ್ರಾಂ, ಗೋಪುರಕ್ಕೆ 50 ಗ್ರಾಂ ಬೇಕು. ಎಲ್ಲವನ್ನೂ ಒಂದೇ ದಿನ, ಒಂದೇ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ಗುರುತು) ನೋಡಿ ಕೊಳ್ಳಿ. ಅಗ್ಗಕ್ಕೆ ಸಿಗುವ, ಮಿರಮಿರನೆ ಹೊಳೆಯುವ ನುಣುಪಾದ ಅಕ್ರಿಲಿಕ್ ನೂಲನ್ನು ಎರಡು ಬಣ್ಣದ ಕೆಲಸಕ್ಕೆ ದಯವಿಟ್ಟು ತರಬೇಡಿ. ಕುಣಿಕೆಗಳು ಒಂದಕ್ಕೊಂದು ಹಿಡಿದುಕೊಳ್ಳದೆ ಜಾರಿ, ಗೋಪುರದ ಅಂಚು ಅಂಕುಡೊಂಕಾಗುತ್ತದೆ. ಉಣ್ಣೆಯ ಸಣ್ಣ ಜುಂಗು ಕುಣಿಕೆಯನ್ನು ಇದ್ದಲ್ಲಿಯೇ ನಿಲ್ಲಿಸುತ್ತದೆ. ಕೆಂಪು ಅಥವಾ ಕಡುನೀಲಿ ಕೊಂಡಿದ್ದರೆ ಒಂದು ಮೊಳದಷ್ಟನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟು, ಬಣ್ಣ ಬಿಡುತ್ತದೆಯೇ ಎಂದು ನೋಡಿದ ಮೇಲೆಯೇ ಕಡ್ಡಿಗೆ ಏರಿಸಿ. ಅಂಗಡಿಯಲ್ಲಿ ಕಡ್ಡಿಗಳು ಹಳೆಯ ಬ್ರಿಟಿಷ್ ನಂಬರಿನಲ್ಲಿ ಸಿಗುತ್ತವೆ, ನಂಬರ್ ಇಳಿದಷ್ಟೂ ಕಡ್ಡಿ ದಪ್ಪ. ನಮಗೆ ಬೇಕಾದವು 10 ನಂಬರ್ (3.25 ಮಿ.ಮೀ.), 8 ನಂಬರ್ (4 ಮಿ.ಮೀ.) ಮತ್ತು 7 ನಂಬರ್ (4.5 ಮಿ.ಮೀ.). ಅಲ್ಯುಮಿನಿಯಂ ಕಡ್ಡಿ ಬಿಳಿಯ ನೂಲಿಗೆ ಬೂದು ಕಲೆ ಹತ್ತಿಸುವುದುಂಟು. ನಾನು ಬಿದಿರಿನ ಕಡ್ಡಿಯನ್ನೇ ಬಳಸುತ್ತೇನೆ, ನಿಮಗೂ ಅದನ್ನೇ ಹೇಳುತ್ತೇನೆ.

ಮೊದಲು 8 ನಂಬರ್ ಕಡ್ಡಿಯಲ್ಲಿ ಒಂದು ಗೇಣು ಅಗಲದ ಚೌಕ ಹೆಣೆದು, ತೊಳೆದು, ಒಣಗಿಸಿ, ನಡುಭಾಗದ 10 ಸೆಂ.ಮೀ. ಅಳೆಯಿರಿ. ಅಡ್ಡಕ್ಕೆ 22 ಕುಣಿಕೆ, ಉದ್ದಕ್ಕೆ 28 ಸಾಲು ಬರಬೇಕು. ಬಾರದಿದ್ದರೆ ಕಡ್ಡಿ ಬದಲಿಸಿ, ಲೆಕ್ಕ ಬದಲಿಸಬೇಡಿ. ಈ ಚೌಕವನ್ನು ಹಾರಿಸಿ ಉಳಿಸಿದ ಒಂದು ಸಂಜೆ ಕೊನೆಗೆ ಇಡೀ ಸ್ವೆಟರನ್ನೇ ಬಿಚ್ಚಿಸುತ್ತದೆ.

ಗ್ರಾಫ್ ಹಾಳೆಯಲ್ಲಿ ಬಹಳ ಜನ ಮೋಸಹೋಗುತ್ತಾರೆ. ಹಾಳೆಯ ಮನೆ ಚೌಕ, ಹೆಣಿಗೆಯ ಕುಣಿಕೆ ಚೌಕವಲ್ಲ. ಮೇಲಿನ ಲೆಕ್ಕದಲ್ಲಿ ಒಂದು ಕುಣಿಕೆಯ ಅಗಲ ಸುಮಾರು 4.5 ಮಿ.ಮೀ. ಇದ್ದರೆ ಎತ್ತರ 3.6 ಮಿ.ಮೀ. ಮಾತ್ರ. ಹಾಳೆಯ ಮೇಲೆ 11 ಮನೆ ಅಗಲ, 12 ಮನೆ ಎತ್ತರವಾಗಿ ನೆಟ್ಟಗೆ ನಿಂತ ಗೋಪುರ ಹೆಣೆದಾಗ 5 ಸೆಂ.ಮೀ. ಅಗಲಕ್ಕೆ 4.3 ಸೆಂ.ಮೀ. ಎತ್ತರವಾಗಿ ಕುಗ್ಗಿ, ಗುಡ್ಡದಂತೆ ಕಾಣುತ್ತದೆ. ಆದ್ದರಿಂದ ಆರು ಮೆಟ್ಟಿಲುಗಳ ಗೋಪುರದಲ್ಲಿ 11, 9, 7 ಕುಣಿಕೆಗಳ ಕೆಳಗಿನ ಮೂರು ಮೆಟ್ಟಿಲಿಗೆ ಮೂರು ಮೂರು ಸಾಲು, 5, 3, 1 ಕುಣಿಕೆಗಳ ಮೇಲಿನ ಮೂರಕ್ಕೆ ಎರಡೆರಡು ಸಾಲು ಕೊಡಿ. ಒಟ್ಟು 15 ಸಾಲಾಗಿ, ಕಣ್ಣಿಗೆ ಸರಿಯಾದ ಎತ್ತರ ಬರುತ್ತದೆ.

ಇನ್ನೆರಡು ಸಣ್ಣ ತಿದ್ದುಪಡಿಗಳನ್ನು ಹಾಳೆಯಲ್ಲಿಯೇ ಮಾಡಿಕೊಳ್ಳಿ. ಐದು ಕುಣಿಕೆಗಿಂತ ಹೆಚ್ಚು ದೂರ ಯಾವ ಎಳೆಯೂ ಹಿಂದೆ ಸುಮ್ಮನೆ ಹಾಯಬಾರದು, ಹಾದರೆ ಮಗುವಿನ ಬೆರಳು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಅದಕ್ಕಾಗಿ ಕೆಳಗಿನ ಎರಡು ಮೆಟ್ಟಿಲುಗಳ ಪ್ರತಿ ಸಾಲಿನ ನಟ್ಟನಡುವೆ ಮೈಬಣ್ಣದ ಒಂದು ಕುಣಿಕೆಯನ್ನು ಬಾಗಿಲಾಗಿ ಬಿಡಿ. ಮೇಲೆ, ಗೋಪುರಗಳ ನಡುವಿನ ಜಾಗ ಅಗಲವಾಗುವಲ್ಲಿ, ಪ್ರತಿ ಮೆಟ್ಟಿಲಿನ ಮೊದಲ ಸಾಲಿಗೆ ಗೋಪುರದ ಬಣ್ಣದ ಒಂದು ಚುಕ್ಕಿ ಇಡಿ. ಇವೆರಡೂ ಅಲಂಕಾರವೂ ಹೌದು, ಎಳೆಗೆ ಆಸರೆಯೂ ಹೌದು.

ಈಗ ಸ್ವೆಟರಿನ ಮುಂಭಾಗಕ್ಕೆ 10 ನಂಬರ್ ಕಡ್ಡಿಗೆ 75 ಕುಣಿಕೆ ಏರಿಸಿ: ಆರು ಗೋಪುರಕ್ಕೆ ಹನ್ನೆರಡರಂತೆ (ಗೋಪುರದ 11, ನಡುವಿನ ಜಾಗಕ್ಕೆ 1) 72, ಎರಡೂ ಬದಿ ಸಮವಾಗಲು ಒಂದು, ಅಂಚಿಗೆ ಎರಡು. ಒಂದು ಸೀದಾ ಒಂದು ಉಲ್ಟಾ ಪಟ್ಟಿ 5 ಸೆಂ.ಮೀ. ಮುಗಿಸಿ, 8 ನಂಬರಿಗೆ ಬದಲಾಯಿಸಿ, ಬುಡದಿಂದ 16 ಸೆಂ.ಮೀ. ಆಗುವವರೆಗೆ ಸಾದಾ (ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ) ಹೆಣೆಯಿರಿ.

ಚಿತ್ತಾರ ಶುರುವಾಗುವ ಸಾಲಿಗೆ 7 ನಂಬರ್ ಕಡ್ಡಿ ಹಿಡಿಯಿರಿ. ಎರಡು ಬಣ್ಣ ಸೇರಿದಾಗ ಎಂಥವರ ಕೈಯೂ ತಾನಾಗಿಯೇ ಬಿಗಿಯಾಗುತ್ತದೆ, ಅರ್ಧ ಮಿಲಿಮೀಟರ್ ದಪ್ಪದ ಕಡ್ಡಿ ಅದನ್ನು ಸರಿದೂಗಿಸುತ್ತದೆ. ಇನ್ನು ಮುಖ್ಯ ಕೆಲಸ. ಬಣ್ಣ ಬದಲಿಸುವ ಪ್ರತಿ ಸಲವೂ, ಹೊಸ ಎಳೆಯನ್ನು ಕೈಗೆ ತೆಗೆದುಕೊಳ್ಳುವ ಮೊದಲು, ಬಲಗಡ್ಡಿಯ ಮೇಲೆ ಈಗಷ್ಟೇ ಹೆಣೆದ ಕುಣಿಕೆಗಳನ್ನು ತೋರುಬೆರಳಿನಿಂದ ನಿಧಾನವಾಗಿ ಬಿಡಿಸಿ, ಬಟ್ಟೆ ತನ್ನ ನಿಜವಾದ ಅಗಲಕ್ಕೆ ಬರುವಂತೆ ಹರಡಿ. ಅವು ಕಡ್ಡಿಯ ತುದಿಯಲ್ಲಿ ಒತ್ತಿಕೊಂಡು ನಿಂತಿರುವಾಗಲೇ ಎಳೆ ದಾಟಿಸಿದರೆ ಎಳೆ ಗಿಡ್ಡವಾಗಿ, ಕಡ್ಡಿಯಿಂದ ಇಳಿಸಿದ ಮೇಲೆ ಬಟ್ಟೆಯನ್ನು ಸೆಳೆದು ಸುರುಟಿಸುತ್ತದೆ. ಹಾಗೆಂದು ತೀರಾ ಸಡಿಲ ಬಿಟ್ಟರೆ ಹಿಂದೆ ಜೋತುಬಿದ್ದು, ಮುಂದಿನ ಕುಣಿಕೆ ದೊಡ್ಡದಾಗುತ್ತದೆ. ಎಳೆ ಬಟ್ಟೆಗೆ ತಾಗಿ ಮಲಗಿರಬೇಕು, ಬಿಗಿಯಬಾರದು. ಉಲ್ಟಾ ಸಾಲಿನಲ್ಲಿ ಎಳೆಗಳು ನಿಮ್ಮ ಕಣ್ಣೆದುರೇ ಹಾಯುವುದರಿಂದ ಇದನ್ನು ಅಲ್ಲಿ ಚೆನ್ನಾಗಿ ಪರೀಕ್ಷಿಸಬಹುದು.

ಗೋಪುರದ ಬಣ್ಣ ಯಾವಾಗಲೂ ಕೆಳಗಿನಿಂದ, ಮೈಬಣ್ಣ ಯಾವಾಗಲೂ ಮೇಲಿನಿಂದ ಬರಲಿ. ಕೆಳಗಿನಿಂದ ಬರುವ ಎಳೆಯ ಕುಣಿಕೆ ಕೂದಲೆಳೆಯಷ್ಟು ದೊಡ್ಡದಾಗಿ ಮುಂದೆ ಎದ್ದು ಕಾಣುತ್ತದೆ. ನಡುವೆ ಸ್ಥಾನ ಅದಲುಬದಲಾದರೆ ಒಂದು ಗೋಪುರ ಗಾಢ, ಮತ್ತೊಂದು ಮಸುಕು. ಬಾಗಿಲೂ ಚುಕ್ಕಿಯೂ ಇಲ್ಲದೆ ಏಳು ಅಥವಾ ಹೆಚ್ಚು ಕುಣಿಕೆ ದಾಟಬೇಕಾದ ಸಾಲುಗಳಲ್ಲಿ, ಸುಮಾರು ಮಧ್ಯದ ಕುಣಿಕೆಯಲ್ಲಿ ಹಾಯುವ ಎಳೆಯನ್ನು ಹೆಣೆಯುವ ಎಳೆಯ ಮೇಲೆ ಒಮ್ಮೆ ಅಡ್ಡ ಹಾಕಿ, ಆ ಕುಣಿಕೆಯನ್ನು ಹೆಣೆದು, ಮುಂದಿನದಕ್ಕೆ ಮತ್ತೆ ಬಿಟ್ಟುಬಿಡಿ. ಹಿಡಿಯುವ ಜಾಗವನ್ನು ಪ್ರತಿ ಸಾಲಿನಲ್ಲಿ ಒಂದು ಕುಣಿಕೆ ಸರಿಸುತ್ತಿರಿ, ಇಲ್ಲವಾದರೆ ಮುಂಬದಿಯಲ್ಲಿ ಉದ್ದನೆಯ ನೆರಳುಗೆರೆ ಮೂಡುತ್ತದೆ. ಸಾಲಿನ ಕೊನೆಯ ಅಂಚಿನ ಕುಣಿಕೆಯವರೆಗೆ ಎರಡೂ ಎಳೆಗಳನ್ನು ಒಯ್ದು, ಅಲ್ಲಿ ಒಂದನ್ನೊಂದು ಸುತ್ತಿಸಿಯೇ ಹಿಂತಿರುಗಿ.

ನಾಲ್ಕು ಸಾಲು ಆದ ಕೂಡಲೇ ನಿಲ್ಲಿಸಿ, ಕುಣಿಕೆಗಳನ್ನು ಉದ್ದನೆಯ ದಾರಕ್ಕೆ ಪೋಣಿಸಿ, ಮೇಜಿನ ಮೇಲೆ ಹರಡಿ ಅಳೆಯಿರಿ. ಕೆಳಗಿನ ಸಾದಾ ಭಾಗದಂತೆ ಪಟ್ಟಿಯೂ 34 ಸೆಂ.ಮೀ. ಇರಬೇಕು, ಎಳೆದರೆ ಹೆಚ್ಚುಕಡಿಮೆ ಅದರಷ್ಟೇ ಹಿಗ್ಗಬೇಕು. ಒಂದು ಸೆಂ.ಮೀ. ಕಡಿಮೆ ಬಂದರೂ ಬಿಚ್ಚಿ. ತೊಳೆದು ಇಸ್ತ್ರಿ ಮಾಡಿದರೆ ಸರಿಹೋಗುತ್ತದೆ ಎಂದು ಸಮಾಧಾನ ಹೇಳುವವರಿದ್ದಾರೆ. ಗಿಡ್ಡವಾದ ಎಳೆ ಯಾವ ಇಸ್ತ್ರಿಗೂ ಉದ್ದವಾಗುವುದಿಲ್ಲ.

ಸಾದಾ ಹೆಣೆದು ಮುಗಿಸಿ, ಮೇಲೆ ಮೊಂಡು ಸೂಜಿಯಿಂದ ಕುಣಿಕೆಯ ಜಾಡಿನಲ್ಲಿಯೇ ಗೋಪುರವನ್ನು ಹೊಲಿಯುವ ಒಳದಾರಿಯೂ ಇದೆ. ಜೇಬಿನ ಮೇಲೆ ಒಂದೇ ಹೂವಿಗೆ ಅದು ಒಳ್ಳೆಯದು. ಆರು ಗೋಪುರಗಳ ಸಾಲಿಗೆ ಬೇಡ, ಎದೆಯ ಮೇಲೆ ಬಟ್ಟೆ ದಪ್ಪವಾಗಿ ಪೆಡಸಾಗುತ್ತದೆ.

ಪಟ್ಟಿ ಮುಗಿದ ಮೇಲೆ ಮತ್ತೆ 8 ನಂಬರಿಗೆ ಮರಳಿ, ಕಂಕುಳು, ಕೊರಳು, ಹಿಂಬದಿ, ತೋಳುಗಳನ್ನು ನಿಮ್ಮ ರೂಢಿಯ ಅಳತೆಯಂತೆ ಮುಗಿಸಿ. ಎಡಭುಜಕ್ಕೆ ಎರಡು ಗುಂಡಿ ಇಟ್ಟರೆ ತಲೆ ಸುಲಭವಾಗಿ ತೂರುತ್ತದೆ. ಭಾಗಗಳನ್ನು ಜೋಡಿಸುವ ಮೊದಲು ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ಟವೆಲ್ಲಿನಲ್ಲಿ ಸುರುಳಿ ಸುತ್ತಿ ನೀರು ತೆಗೆದು, ನೆರಳಿನಲ್ಲಿ ಚಾಪೆಯ ಮೇಲೆ ಹರಡಿ. ಆಗ ಮುಂಬದಿಯನ್ನು ಮಗುಚಿ, ಒಳಗಿನ ಎಳೆಗಳನ್ನು ಅಂಗೈಯಿಂದ ಒಂದೇ ದಿಕ್ಕಿಗೆ ಸವರಿ, ಪೂರ್ತಿ ಒಣಗುವವರೆಗೆ ಹಾಗೆಯೇ ಬಿಡಿ.